ಡಬ್ಬಿ ಬೇರೆ, ಬುತ್ತಿ ಬೇರೆ

ಹೋದ ದೀಪಾವಳಿಗೆ ಶಹಾಪುರದ ನಮ್ಮ ಕಾಕಾನ ಮನೆಗೆ 43 ಇಂಚಿನ ಫೋರ್‌ಕೆ ಟಿವಿ ಬಂತು. ಸಂಜೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಸುಸಲಾ ಮಿರ್ಚಿ ತಟ್ಟೆಗೆ ಹಾಕಿಕೊಂಡು ಮನೆಮಂದಿಯೆಲ್ಲ ಕೂತರು. ಕಾಕಾನ ಮಗ ಪೆನ್‌ಡ್ರೈವ್ ಸಿಕ್ಕಿಸಿದ. ಚಿತ್ರ ಕನ್ನಡಿಯ ಹಾಗೆ ಬಂತು, ದನಿ ಬರಲಿಲ್ಲ. ವಾಲ್ಯೂಮ್ ನೂರಕ್ಕೆ ಏರಿಸಿದರು, ವೈರು ಕಿತ್ತು ಹಾಕಿದರು, ರಿಮೋಟಿನ ಸೆಲ್ ಕೂಡ ಬದಲಿಸಿದರು. ಮೂಲೆಯಲ್ಲಿ ಕೂತಿದ್ದ ಮುತ್ಯಾ, "ಹೊಸಾ ಟಿವಿ ಮೂಕ ಅದ ಏನೋ ತಮ್ಮಾ?" ಅಂದ.

ಟಿವಿ ಮೂಕವಾಗಿರಲಿಲ್ಲ. ನಾವು ಎಂಪಿ4, ಎಂಕೆವಿ ಎಂದು ಕರೆಯುವುದು ಬರೀ ಡಬ್ಬಿಯ ಹೆಸರು. ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ರೊಟ್ಟಿ ಒಂದು ಕಡೆ, ಪಲ್ಯ ಒಂದು ಕಡೆ ಇರುವಂತೆ ಈ ಡಬ್ಬಿಯೊಳಗೆ ಚಿತ್ರ ಒಂದು ಬಗೆಯಲ್ಲಿ, ದನಿ ಇನ್ನೊಂದು ಬಗೆಯಲ್ಲಿ ಮಡಚಿಟ್ಟಿರುತ್ತದೆ. ಆ ಮಡಚುವ ಬಗೆಗೆ ಕೋಡೆಕ್ ಎನ್ನುತ್ತಾರೆ. ಕಾಕಾನ ಫೈಲಿನಲ್ಲಿದ್ದ ದನಿ ಡಿಟಿಎಸ್ ಬಗೆಯದು. ಅದನ್ನು ಬಿಚ್ಚುವ ಸೌಲಭ್ಯ ಕೊಡಲು ಟಿವಿ ಮಾಡುವವರು ಲೈಸೆನ್ಸ್ ದುಡ್ಡು ಕಟ್ಟಬೇಕು, ಎಷ್ಟೋ ಟಿವಿಗಳಲ್ಲಿ ಅದು ಇರುವುದೇ ಇಲ್ಲ. ಅದೇ ಸಿನಿಮಾ ಎಎಸಿ ದನಿಯ ಫೈಲಾಗಿದ್ದರೆ ಸುಸಲಾ ಆರುವ ಮೊದಲೇ ಟೈಟಲ್ ಕಾರ್ಡ್ ಓಡುತ್ತಿತ್ತು. ಚಿತ್ರದ ಕಡೆಗೂ ಇದೇ ಕಥೆ. 2003ರಲ್ಲಿ ಬಂದ ಎಚ್.264 ಬಗೆಯನ್ನು ಹೆಚ್ಚುಕಡಿಮೆ ಎಲ್ಲ ಟಿವಿಗಳೂ ಬಿಚ್ಚುತ್ತವೆ. 2013ರ ಎಚ್.265 ಅದೇ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಮಡಚುತ್ತದೆ, ಆದರೆ ಹಳೆಯ ಟಿವಿಯಲ್ಲಿ ಪರದೆ ಕಪ್ಪಾಗಿ ಮಾತು ಮಾತ್ರ ಕೇಳುತ್ತದೆ.

ಆದ್ದರಿಂದ ಟಿವಿ ಕೊಳ್ಳಲು ಯಾದಗಿರಿಯ ಸ್ಟೇಷನ್ ರೋಡಿಗೆ ಹೋದರೂ ಕಲಬುರಗಿಗೆ ಹೋದರೂ ಜೇಬಿನಲ್ಲಿ ನಿಮ್ಮದೇ ಪೆನ್‌ಡ್ರೈವ್ ಇರಲಿ. ಅದರಲ್ಲಿ ಎಚ್.265ರ ಒಂದು ತುಣುಕು, ನಿಮ್ಮ ಮನೆಯ ಮದುವೆ ವಿಡಿಯೊದ ಒಂದು ತುಣುಕು, ಕನ್ನಡ ಸಬ್‌ಟೈಟಲ್‌ನ ಒಂದು ಎಸ್‌ಆರ್‌ಟಿ ಫೈಲು ಹಾಕಿಕೊಳ್ಳಿ. ಅಂಗಡಿಯವರು ತೋರಿಸುವ ಕಡಲು, ಹೂವು, ಗಿಣಿಯ ವಿಡಿಯೊ ಎಲ್ಲ ಟಿವಿಯಲ್ಲೂ ಚೆಂದವೇ ಕಾಣುತ್ತದೆ. ಅದನ್ನು ಮಾಡಿಸಿರುವುದೇ ಅದಕ್ಕೆ. ಕನ್ನಡ ಸಬ್‌ಟೈಟಲ್ ಹಾಕಿಸಿ ನೋಡಿ: ಕೆಲವು ಟಿವಿಗಳಲ್ಲಿ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತವೆ, ಕೆಲವುದರಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ‘ಅಪ್ಪ’ ಹೋಗಿ ‘ಅಪ್‌ಪ’ ಆಗುತ್ತದೆ. ಸಬ್‌ಟೈಟಲ್ ಫೈಲಿಗೆ ಸಿನಿಮಾ ಫೈಲಿನದೇ ಹೆಸರಿರಬೇಕು, ಯುಟಿಎಫ್-8 ರೂಪದಲ್ಲಿ ಉಳಿಸಿರಬೇಕು. ಇಷ್ಟಾದ ಮೇಲೂ ಚೌಕವೇ ಬಂದರೆ ಆ ಟಿವಿಗೆ ಕನ್ನಡ ಬರುವುದಿಲ್ಲ ಎಂದರ್ಥ.

ಪೆನ್‌ಡ್ರೈವಿನದು ಇನ್ನೊಂದು ತಕರಾರಿದೆ. 16 ಜಿಬಿ ಖಾಲಿ ಇದ್ದರೂ 5 ಜಿಬಿಯ ಫೈಲು ಕಾಪಿ ಆಗುವುದಿಲ್ಲ. ಕಾರಣ, ಬಹಳಷ್ಟು ಪೆನ್‌ಡ್ರೈವ್‌ಗಳು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರುತ್ತವೆ, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್‌ಗೋ ಎಕ್ಸ್‌ಫ್ಯಾಟ್‌ಗೋ ಬದಲಿಸಿದರೆ ಆಯಿತು, ಆದರೆ ಮೊದಲು ಒಳಗಿನದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಫಾರ್ಮ್ಯಾಟ್ ಎಂದರೆ ಪಾಟಿ ಒರೆಸಿದ ಹಾಗೆ. ಎಕ್ಸ್‌ಫ್ಯಾಟ್ ಓದದ ಟಿವಿಗಳು ಇನ್ನೂ ಇವೆ, ಅದನ್ನೂ ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ಕಾಕಾನ ಮಗನಿಗೆ ಆ ಫೈಲು ಎಲ್ಲಿಂದ ಬಂತು ಅಂದರೆ, ಮೆಮೊರಿ ಕಾರ್ಡ್ ತುಂಬಿಸಿಕೊಡುವ ಒಂದು ಮೊಬೈಲ್ ಅಂಗಡಿಯಿಂದ. ಇದು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಡದ ಮಾತು. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ ಚಿತ್ರವನ್ನು ಕದ್ದು ಮುದ್ರಿಸಿ ಹಂಚಿದವರಿಗೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು, 3 ಲಕ್ಷ ರೂಪಾಯಿಯಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇಕಡಾ 5ರವರೆಗೆ ದಂಡ. ಕಾಯ್ದೆ ಬದಿಗಿರಲಿ, ನೋಡುವವನ ಲೆಕ್ಕದಲ್ಲೂ ಅದು ನಷ್ಟದ ಬಾಬತ್ತು. ಚಿತ್ರಮಂದಿರದಲ್ಲಿ ಕ್ಯಾಮೆರಾ ಹಿಡಿದು ಮುದ್ರಿಸಿದ ಪ್ರತಿಯಲ್ಲಿ ಮುಂದಿನ ಸಾಲಿನವನ ತಲೆ ಬರುತ್ತದೆ, ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಮೂವತ್ತು ಸಾವಿರದ ಟಿವಿ ತಂದು ಅದರಲ್ಲಿ ಅದನ್ನು ನೋಡುವುದೇ?

ಕಣ್ಣಿಗೆ ಎಷ್ಟು ಬೇಕು?

ನಮ್ಮ ಕಡೆ ಮನೆಯಲ್ಲಿ ಸಿನಿಮಾ ಎಂಬುದು ಬಾಡಿಗೆಯಿಂದ ಶುರುವಾಯಿತು. ಗಣೇಶನ ಹಬ್ಬಕ್ಕೋ ಮದುವೆಗೋ ಕಲರ್ ಟಿವಿ, ವಿಸಿಆರ್ ಒಂದು ರಾತ್ರಿಗೆ ತರುತ್ತಿದ್ದರು. ಮೂರು ಕ್ಯಾಸೆಟ್, ಬೆಳತನಕ ಓಣಿಯೆಲ್ಲ ಕಟ್ಟೆಯ ಮೇಲೆ. ಆಮೇಲೆ ವಿಸಿಡಿ ಬಂತು. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದುದು 74ರಿಂದ 80 ನಿಮಿಷ, ಹಾಗಾಗಿ ಎರಡೂವರೆ ತಾಸಿನ ಕನ್ನಡ ಸಿನಿಮಾಕ್ಕೆ ಎರಡೋ ಮೂರೋ ಸಿಡಿ. ಮೊದಲನೆಯದು ಮುಗಿದರೆ ಅದೇ ಇಂಟರ್ವಲ್, ಎರಡನೆಯದು ಗೀರು ಬಿದ್ದಿದ್ದರೆ ಅಲ್ಲಿಗೇ ಶುಭಂ. 2007ರಲ್ಲಿ ಮೋಸರ್ ಬೇರ್ ಕಂಪನಿ ಅಧಿಕೃತ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದಾಗ ಬಾಡಿಗೆಯ ಗೊಡವೆಯೇ ತಪ್ಪಿತು. ಆ ಡಿಸ್ಕುಗಳು ಇವತ್ತಿಗೂ ಎಷ್ಟೋ ಮನೆಗಳ ಅಲಮಾರಿಯಲ್ಲಿವೆ.

ಚಿತ್ರದ ಸ್ಪಷ್ಟತೆಯ ಲೆಕ್ಕ ಚುಕ್ಕಿಗಳದ್ದು. ವಿಸಿಡಿಯ ಒಂದು ಚೌಕಟ್ಟಿನಲ್ಲಿ 352ಕ್ಕೆ 288, ಅಂದರೆ ಸುಮಾರು ಒಂದು ಲಕ್ಷ ಚುಕ್ಕಿ. ಡಿವಿಡಿಯಲ್ಲಿ 720ಕ್ಕೆ 576, ನಾಲ್ಕು ಲಕ್ಷದ ಮೇಲೆ. 720ಪಿ ಎಂಬ ಎಚ್‌ಡಿಯಲ್ಲಿ ಒಂಬತ್ತು ಲಕ್ಷ, 1080ಪಿ ಫುಲ್ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷ, ಫೋರ್‌ಕೆಯಲ್ಲಿ ಎಂಬತ್ತು ಲಕ್ಷ ದಾಟುತ್ತದೆ. ಅಂಗಡಿಯವರು ಈ ಕೊನೆಯ ಅಂಕಿಯನ್ನೇ ಹಿಡಿದು ಮಾತಾಡುತ್ತಾರೆ. ಕಣ್ಣಿನ ಮಿತಿಯ ಮಾತು ಎತ್ತುವುದಿಲ್ಲ. ಸಾಮಾನ್ಯ ದೃಷ್ಟಿಯವರು 43 ಇಂಚಿನ ಟಿವಿಯಿಂದ ಆರು ಅಡಿ ಆಚೆ ಕೂತರೆ 1080ಪಿಗೂ ಫೋರ್‌ಕೆಗೂ ಚುಕ್ಕಿಯ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಪಡಸಾಲೆಗಳಲ್ಲಿ ಟಿವಿ ಒಂದು ಗೋಡೆಗೆ, ಮಂಚ ಎದುರು ಗೋಡೆಗೆ. ನಡುವೆ ಹತ್ತು ಅಡಿ ಇದ್ದೇ ಇರುತ್ತದೆ. ಇನ್ನು 32 ಇಂಚಿನ ಟಿವಿಗಳಲ್ಲಿ ಬಹುಪಾಲು ‘ಎಚ್‌ಡಿ ರೆಡಿ’, ಅಂದರೆ ಪರದೆಯಲ್ಲಿರುವುದೇ 1366ಕ್ಕೆ 768 ಚುಕ್ಕಿ. ಅದಕ್ಕೆ ಫೋರ್‌ಕೆ ಪ್ಲಾನ್ ಹಾಕಿಸುವುದು ಕೊಡಕ್ಕೆ ಟ್ಯಾಂಕರ್ ನೀರು ತರಿಸಿದ ಹಾಗೆ.

ನನ್ನ ತೀರ್ಪು ಇಷ್ಟು: 32 ಇಂಚಿಗೆ 720ಪಿ ಧಾರಾಳ, 43ಕ್ಕೆ 1080ಪಿ ಸಾಕು. 55 ಇಂಚಿನ ಟಿವಿ ಇದ್ದು, ಹತ್ತಿರ ಕೂತು ನೋಡುವ ಅಭ್ಯಾಸವೂ ಇದ್ದು, ಮನೆಗೆ ಫೈಬರ್ ಲೈನ್ ಇದ್ದರೆ ಮಾತ್ರ ಫೋರ್‌ಕೆಗೆ ದುಡ್ಡು ಹಾಕಿ. ಬ್ಲೂರೇ ನಮ್ಮ ಊರಿನ ಮಾತಲ್ಲ. 2006ರಲ್ಲಿ ಬಂದ ಆ ಡಿಸ್ಕಿನ ಚಿತ್ರ, ದನಿ ಎರಡೂ ಇಂಟರ್ನೆಟ್‌ನಲ್ಲಿ ಹರಿದು ಬರುವ ಎಚ್‌ಡಿಗಿಂತ ಮೇಲೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕನ್ನಡದ ಚಿತ್ರಗಳು ಅದರಲ್ಲಿ ಬಂದದ್ದು ತೀರ ಕಡಿಮೆ. ಅಮೆರಿಕದಲ್ಲಿರುವ ಮಗಳು ಪ್ರೀತಿಯಿಂದ ಡಿಸ್ಕು ಕಳಿಸುತ್ತೇನೆ ಎಂದರೆ ತಡೆಯಿರಿ: ಡಿವಿಡಿಯಲ್ಲಿ ಅಲ್ಲಿಯದು ರೀಜನ್ 1, ನಮ್ಮದು 5. ಬ್ಲೂರೇಯಲ್ಲಿ ಅಲ್ಲಿಯದು ಎ, ನಮ್ಮದು ಸಿ. ಇಲ್ಲಿಯ ಪ್ಲೇಯರ್ ಅದನ್ನು ಉಗುಳಿಬಿಡಬಹುದು.

ಕರೆಂಟು, ಕಡ್ಡಿ, ಪ್ಯಾಕು

ಯಾದಗಿರಿ ಪಟ್ಟಣದ ಫೈಬರ್ ಇರುವ ಮನೆಗೂ ಸುರಪುರ ತಾಲೂಕಿನ ಹಳ್ಳಿಯ ಮನೆಗೂ ಒಂದೇ ಸಲಹೆ ಕೊಡಲು ಬರುವುದಿಲ್ಲ. ಸುರಪುರವೆಂದರೆ ಗುಡ್ಡಗಳ ನಡುವಿನ ಊರು. ಒಂದು ಓಣಿಯಲ್ಲಿ ಸಿಗ್ನಲ್ ನಾಲ್ಕು ಕಡ್ಡಿ, ತಿರುವು ದಾಟಿದರೆ ಒಂದೇ ಕಡ್ಡಿ. ಹಾಗಾಗಿ ಟಿವಿ ಎಲ್ಲಿ ಇಡುತ್ತೀರೋ ಅಲ್ಲೇ ನಿಂತು, ಎಲ್ಲರೂ ಮೊಬೈಲ್ ಹಿಡಿಯುವ ರಾತ್ರಿ ಒಂಬತ್ತರ ಹೊತ್ತಿಗೆ ಸ್ಪೀಡ್ ಪರೀಕ್ಷಿಸಿ. ಮಧ್ಯಾಹ್ನದ ಸ್ಪೀಡು ಲೆಕ್ಕಕ್ಕಿಲ್ಲ. 720ಪಿಗೆ 3 ಎಂಬಿಪಿಎಸ್, 1080ಪಿಗೆ 5, ಫೋರ್‌ಕೆಗೆ 15 ಬೇಕು. ಯಾವುದು ನಿಲ್ಲದೆ ಸಿಗುತ್ತದೋ ಅದೇ ನಿಮ್ಮ ಮನೆಯ ಫಾರ್ಮ್ಯಾಟ್.

ಡೇಟಾದ ಲೆಕ್ಕ ಇನ್ನೂ ಕಟ್ಟುನಿಟ್ಟು. ಎಚ್‌ಡಿಯಲ್ಲಿ ತಾಸಿಗೆ 3 ಜಿಬಿಯವರೆಗೆ ಖರ್ಚಾಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದವನ ಸಿನಿಮಾ ನಲವತ್ತು ನಿಮಿಷಕ್ಕೆ, ಅಂದರೆ ಹೀರೊ ಜೈಲಿಗೆ ಹೋಗುವ ಹೊತ್ತಿಗೆ, ನಿಲ್ಲುತ್ತದೆ. ಸಾಮಾನ್ಯ ಗುಣಮಟ್ಟದಲ್ಲಿ ತಾಸಿಗೆ 1 ಜಿಬಿ. ಸ್ಪೀಡು ಕಡಿಮೆಯಾದರೆ ಟಿವಿಯ ಆ್ಯಪ್ ತಾನಾಗಿ ಕೆಳಗಿನ ಗುಣಮಟ್ಟಕ್ಕೆ ಇಳಿಯುತ್ತದೆ, ಆದರೆ ಡೇಟಾ ಉಳಿಸಬೇಕೆಂದರೆ ಸೆಟ್ಟಿಂಗ್‌ಗೆ ಹೋಗಿ ನೀವೇ ಇಳಿಸಬೇಕು. ಊರ ಹುಡುಗರು ಒಂದು ಉಪಾಯ ಕಂಡುಕೊಂಡಿದ್ದಾರೆ: ರಾತ್ರಿ ಹನ್ನೊಂದೂವರೆಗೆ ಆ್ಯಪಿನಲ್ಲೇ ಡೌನ್‌ಲೋಡ್ ಶುರು ಮಾಡುತ್ತಾರೆ. ಅವತ್ತಿನ ಉಳಿದ ಡೇಟಾದಲ್ಲಿ ಅರ್ಧ ಇಳಿಯುತ್ತದೆ, ಹನ್ನೆರಡು ಹೊಡೆದ ಮೇಲೆ ಮರುದಿನದ ಡೇಟಾದಲ್ಲಿ ಉಳಿದರ್ಧ. ಬೆಳಿಗ್ಗೆ ಬಸ್ಸಿನಲ್ಲಿ ಸಿನಿಮಾ ಕೈಯಲ್ಲಿರುತ್ತದೆ.

ಡೌನ್‌ಲೋಡಿಗೂ ಮಿತಿಗಳುಂಟು. ಕೆಲವು ಚಿತ್ರಗಳು ನೋಡಲು ಶುರು ಮಾಡಿದ 48 ತಾಸಿಗೆ ಅಳಿದುಹೋಗುತ್ತವೆ. ಫೋನಿನಲ್ಲಿ ಇಳಿಸಿಕೊಂಡದ್ದನ್ನು ಟಿವಿಗೆ ಕಾಸ್ಟ್ ಮಾಡಿದರೆ ಬಹುಪಾಲು ಆ್ಯಪ್‌ಗಳು ಅದನ್ನು ಮತ್ತೆ ಇಂಟರ್ನೆಟ್‌ನಿಂದಲೇ ಎಳೆಯುತ್ತವೆ, ಡೇಟಾ ಎರಡು ಸಲ ಹೋಗುತ್ತದೆ. ಕೇಬಲ್ ಹಾಕಿ ನೋಡೋಣವೆಂದರೆ ಕಡಿಮೆ ಬೆಲೆಯ ಫೋನ್‌ಗಳ ಪೋರ್ಟಿನಿಂದ ವಿಡಿಯೊ ಹೊರಗೆ ಬರುವುದೇ ಇಲ್ಲ, ಆ ಕೇಬಲ್ಲಿಗೆ ಕೊಟ್ಟ ದುಡ್ಡು ದಂಡ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ 149 ರೂಪಾಯಿಗೆ ಇಳಿಸಿದ ಮೊಬೈಲ್ ಪ್ಲಾನ್ ಹೆಸರೇ ಹೇಳುವಂತೆ ಫೋನ್, ಟ್ಯಾಬ್‌ಗೆ ಮಾತ್ರ, ಟಿವಿಗೆ ಅಲ್ಲ. ಒಟ್ಟಿನಲ್ಲಿ ಡೌನ್‌ಲೋಡ್ ಒಬ್ಬರೇ ನೋಡುವವರಿಗೆ, ಬೆಂಗಳೂರಿಗೆ ದುಡಿಯಲು ಹೋಗುವ ರೈಲಿಗೆ ಒಳ್ಳೆಯದು. ಎಂಟು ಮಂದಿಯ ಪಡಸಾಲೆಗೆ ಅಲ್ಲ.

ಬೇಸಿಗೆಯಲ್ಲಿ ಕರೆಂಟು ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 32 ಇಂಚಿನ ಎಲ್‌ಇಡಿ ಟಿವಿ ಸುಮಾರು 50 ವ್ಯಾಟ್, ಫ್ಯಾನು 70, ಡಿವಿಡಿ ಪ್ಲೇಯರ್ ಅಥವಾ ರೂಟರ್ ಹತ್ತು ಹದಿನೈದು. 150 ಎಎಚ್‌ನ ಹೊಸ ಬ್ಯಾಟರಿ ಇರುವ ಇನ್ವರ್ಟರ್ ಮೇಲೆ ಇಷ್ಟನ್ನು ಏಳೆಂಟು ತಾಸು ಓಡಿಸಬಹುದು, ಬ್ಯಾಟರಿ ಹಳತಾಗಿದ್ದರೆ ಅರ್ಧ ಎಂದುಕೊಳ್ಳಿ. ಇನ್ವರ್ಟರ್ ಇದ್ದರೂ ಕೆಲವರು ರೂಟರನ್ನು ಅದರ ಲೈನಿಗೆ ಜೋಡಿಸಿರುವುದಿಲ್ಲ. ಟಿವಿ ಉರಿಯುತ್ತದೆ, ಸಿನಿಮಾ ಸುತ್ತುತ್ತಾ ನಿಲ್ಲುತ್ತದೆ. ರೂಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಅದೊಂದು ತಂದಿಟ್ಟುಕೊಳ್ಳಿ. ಹೊಲದ ಮನೆಯಲ್ಲಿ ಇದ್ಯಾವುದೂ ಬೇಡವೆನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಒಮ್ಮೆ ಡಿಶ್, ಬಾಕ್ಸ್ ಹಾಕಿಸಿದರೆ ತಿಂಗಳ ಬಾಡಿಗೆ ಇಲ್ಲ, ಚಂದನವೂ ಬರುತ್ತದೆ. ಸಿನಿಮಾ ಅವರು ಹಾಕಿದಾಗ ನೋಡಬೇಕು, ಅಷ್ಟೆ.

ಮುತ್ಯಾನಿಗೆ ನಾನು ಹೊಂದಿಸಿಕೊಟ್ಟದ್ದು ಮಾತ್ರ ಹಳೆಯ ಡಿವಿಡಿ ಪ್ಲೇಯರನ್ನೇ. ಲಾಗಿನ್ ಇಲ್ಲ, ಒಟಿಪಿ ಇಲ್ಲ, ಡಿಸ್ಕು ಹಾಕಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಟಿವಿ ಕೊಳ್ಳುವಾಗ ಹಿಂದೆ ಹಳದಿ, ಕೆಂಪು, ಬಿಳಿ ಪಿನ್ನು ಹಾಕುವ ಜಾಗ ಇದೆಯೇ ನೋಡಿ, ಹೊಸ ಟಿವಿಗಳಲ್ಲಿ ಅದು ಕಾಣೆಯಾಗುತ್ತಿದೆ. ಡಿಸ್ಕನ್ನು ಧೋತರದಿಂದ ಗುಂಡಗೆ ಒರೆಸಬೇಡಿ. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ನಮ್ಮ ಬಿಸಿಲಿಗೆ ಕಿಟಕಿಯ ಬಳಿ ಇಟ್ಟರೆ ಸೊಟ್ಟಗಾಗುತ್ತವೆ, ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ.

ಹೋದ ಸಿನಿಮಾ, ಹಿಗ್ಗಿದ ಮುಖ

ಡಿಸ್ಕಿನ ಪರವಾಗಿ ಇನ್ನೊಂದು ಮಾತು. 2020ರ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಚಿತ್ರಮಂದಿರಕ್ಕೆ ಬರದೆ ನೇರವಾಗಿ ಪ್ರೈಮ್ ವಿಡಿಯೊದಲ್ಲಿ ಬಂದ ಮೇಲೆ ಕನ್ನಡ ಸಿನಿಮಾಕ್ಕೂ ಒಟಿಟಿಯೇ ಮನೆಯ ದಾರಿಯಾಯಿತು. ಆದರೆ ಅಲ್ಲಿ ನಾವು ಸಿನಿಮಾ ಕೊಳ್ಳುವುದಿಲ್ಲ, ನೋಡುವ ಪರವಾನಗಿ ಕೊಳ್ಳುತ್ತೇವೆ. ‘ಕಾಂತಾರ’ 2022ರ ನವೆಂಬರ್ 24ರಂದು ಒಟಿಟಿಗೆ ಬಂದಾಗ, ಚಿತ್ರಮಂದಿರದಲ್ಲಿ ಮೈ ನವಿರೇಳಿಸಿದ್ದ ‘ವರಾಹ ರೂಪಂ’ ಹಾಡಿನ ಮೂಲ ರಾಗ ಅಲ್ಲಿರಲಿಲ್ಲ. ಹಕ್ಕಿನ ವ್ಯಾಜ್ಯ ಕೋರ್ಟಿನಲ್ಲಿದ್ದುದರಿಂದ ಬೇರೆ ರಾಗ ಹಾಕಿದ್ದರು. ಆಮೇಲೆ ಮೂಲ ಹಾಡು ಮರಳಿತು ನಿಜ. ಮನೆಯಲ್ಲಿರುವ ಡಿಸ್ಕಿಗೆ ಇಂಥದ್ದು ಆಗುವುದಿಲ್ಲ. ಒಪ್ಪಂದ ಮುಗಿದ ಚಿತ್ರಗಳು ಒಟಿಟಿಯಿಂದ ಮಾಯವಾಗುವುದಂತೂ ದಿನದ ಸಂಗತಿ. ವರ್ಷಕ್ಕೊಮ್ಮೆಯಾದರೂ ನೋಡಲೇಬೇಕೆನಿಸುವ ಐದಾರು ಸಿನಿಮಾಗಳ ಅಧಿಕೃತ ಡಿವಿಡಿ ಹಳೆಯ ಕ್ಯಾಸೆಟ್ ಅಂಗಡಿಗಳಲ್ಲಿ ಸಿಕ್ಕರೆ ಬಿಡಬೇಡಿ.

ಒಟಿಟಿಯ ಒಂದು ಉಪಕಾರವನ್ನು ಮರೆಯುವಂತಿಲ್ಲ. ತೆಲಂಗಾಣದ ನಾರಾಯಣಪೇಟೆ ಕಡೆಯ ಸೊಸೆ, ಕನ್ನಡವಷ್ಟೇ ಗೊತ್ತಿರುವ ಅತ್ತೆ, ಹಿಂದಿ ಬೇಕೆನ್ನುವ ಮೊಮ್ಮಗ ಇರುವ ಮನೆಗಳು ನಮ್ಮ ಗಡಿಯಲ್ಲಿ ಬೇಕಾದಷ್ಟಿವೆ. ‘ಕೆಜಿಎಫ್ ಚಾಪ್ಟರ್ 2’ರಂಥ ಚಿತ್ರ ಐದು ಭಾಷೆಯಲ್ಲಿ ಸಿಗುತ್ತದೆ, ಆಡಿಯೊ ಗುಂಡಿಯಲ್ಲಿ ಭಾಷೆ ಬದಲಿಸಿಕೊಳ್ಳಬಹುದು. ಅದೇ ಗುಂಡಿಯ ಕೆಳಗೆ ‘5.1’ ಇದ್ದರೆ ತೆಗೆದು ‘ಸ್ಟೀರಿಯೊ’ ಮಾಡಿ. ಮಾತು ಪಿಸುಗುಟ್ಟಿದಂತೆ, ಫೈಟಿಂಗ್ ಬಂದರೆ ಓಣಿ ನಡುಗುವಂತೆ ಕೇಳುವ ಕಾಟ ಅಷ್ಟರಿಂದಲೇ ಎಷ್ಟೋ ಕಡಿಮೆಯಾಗುತ್ತದೆ.

ಹಳೆಯ ಚಿತ್ರಗಳದ್ದು ಬೇರೆಯದೇ ಫಜೀತಿ. 1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಬೇಡ ನಾಯಕರು ಆಳಿದ ಸುರಪುರದಲ್ಲಿ ಆ ಹೆಸರಿಗೇ ಒಂದು ಮಮತೆ. ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3, ನಮ್ಮ ಟಿವಿ 16:9. ಪರದೆಯ ಎರಡೂ ಬದಿ ಕಪ್ಪು ಉಳಿಯಬೇಕು. ‘ದುಡ್ಡು ಕೊಟ್ಟ ಟಿವಿ ಖಾಲಿ ಯಾಕ ಬಿಡಬೇಕು’ ಎಂದು ಯಾರೋ ರಿಮೋಟಿನಲ್ಲಿ ‘ಫುಲ್’ ಒತ್ತುತ್ತಾರೆ, ಅಣ್ಣಾವ್ರ ಮುಖ ಜೋಳದ ರೊಟ್ಟಿಯ ಹಾಗೆ ಅಗಲವಾಗುತ್ತದೆ. ಪಿಕ್ಚರ್ ಸೈಜ್‌ಗೆ ಹೋಗಿ ‘4:3’ ಅಥವಾ ‘ಒರಿಜಿನಲ್’ ಇಡಿ. ಯೂಟ್ಯೂಬಿನ ಕೆಲವು ಪ್ರತಿಗಳಲ್ಲಿ ಪರದೆ ತುಂಬಲೆಂದು ಮೇಲೆ ಕೆಳಗೆ ಕತ್ತರಿಸಿ ಹಾಕಿರುತ್ತಾರೆ. ಕಿರೀಟ ಅರ್ಧ, ಪಾದ ಮಾಯ. ಅದಕ್ಕೆ ಯಾವ ರಿಮೋಟಿನಲ್ಲೂ ಮದ್ದಿಲ್ಲ, ಬೇರೆ ಪ್ರತಿ ಹುಡುಕಬೇಕು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಸಂರಕ್ಷಿತ ಫೋರ್‌ಕೆ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅಂಥ ಆರೈಕೆ ಸಿಕ್ಕ ಕನ್ನಡ ಚಿತ್ರಗಳು ಬೆರಳೆಣಿಕೆಯವು.

ಟ್ರಂಕಿನಲ್ಲಿರುವ ಸಿನಿಮಾ

ಅಂಗಡಿಯಲ್ಲೂ ಒಟಿಟಿಯಲ್ಲೂ ಸಿಗದ ಸಿನಿಮಾ ಒಂದಿದೆ, ನಿಮ್ಮ ಮನೆಯ ಮದುವೆಯ ಕ್ಯಾಸೆಟ್. ಅವತ್ತು ಕೆಂಪು ಲೈಟು ಹಿಡಿದು ವಿಎಚ್‌ಎಸ್‌ನಲ್ಲಿ ಮುದ್ರಿಸಿದ್ದು ಇವತ್ತು ಸೀರೆಯ ಕೆಳಗೆ ಟ್ರಂಕಿನಲ್ಲಿದೆ. ಅದನ್ನು ಓಡಿಸುವ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೆಲಸ ನಿಲ್ಲಿಸಿತು. ಈಗ ಉಳಿದಿರುವುದು ಹಳೆಯ ಮಷೀನುಗಳು ಮಾತ್ರ, ಅವುಗಳ ಹೆಡ್ಡು ಸವೆಯುತ್ತಲೇ ಇದೆ. ಕ್ಯಾಸೆಟ್‌ನ ಕಿಟಕಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ರೀಲಿನ ಅಂಚಿಗೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಯಾವ ಮಷೀನಿಗೂ ಹಾಕಬೇಡಿ, ರೀಲೂ ಹರಿಯುತ್ತದೆ, ಮಷೀನೂ ಕೆಡುತ್ತದೆ. ಮೊದಲು ಸ್ವಚ್ಛ ಮಾಡಿಸಬೇಕು.

ನಿಮ್ಮೂರಿನ ಹಳೆಯ ಸ್ಟುಡಿಯೊದವರ ಬಳಿ ಹೋಗಿ, ಕ್ಯಾಸೆಟ್ ಕೊಡುವ ಮೊದಲು ಎರಡು ಮಾತು ಹೇಳಿ. ಚಿತ್ರ 4:3 ಆಗಿಯೇ ಇರಲಿ, ಹಿಗ್ಗಿಸಬೇಡಿ. ನಡುನಡುವೆ ಸಿನಿಮಾ ಹಾಡು ಸೇರಿಸದೆ ಮೂಲ ದನಿ ಹಾಗೇ ಇಡಿ, ಯಾಕೆಂದರೆ ಸೋಬಾನೆ ಹಾಡಿದ ಅಜ್ಜಿಯ ದನಿ ಇರುವುದು ಅದರಲ್ಲೇ. ಎಚ್.264 ಚಿತ್ರ, ಎಎಸಿ ದನಿಯ ಎಂಪಿ4 ಫೈಲು ಕೇಳಿ ಪಡೆಯಿರಿ, ತಾಸಿಗೆ ಒಂದೆರಡು ಜಿಬಿ ಆಗುತ್ತದೆ. ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗನ ಮನೆಯಲ್ಲಿ ಇರಲಿ. ಸ್ಟುಡಿಯೊದಲ್ಲಿ ಬರೆದುಕೊಟ್ಟ ಡಿವಿಡಿಯನ್ನೇ ನಂಬಿ ಕೂರಬೇಡಿ, ಅಚ್ಚು ಹಾಕಿದ ಸಿನಿಮಾ ಡಿಸ್ಕಿನಷ್ಟು ಅದು ಬಾಳುವುದಿಲ್ಲ.

ಫೈಲು ಕೈಗೆ ಬರುವವರೆಗೆ ಕ್ಯಾಸೆಟ್ಟನ್ನು ನೆರಳಿನಲ್ಲಿ ನಿಲ್ಲಿಸಿಡಿ. ಬಂದ ಮೇಲೂ ಎಸೆಯಬೇಡಿ. ಟ್ರಂಕನ್ನು ಈ ವಾರವೇ ತೆಗೆಯಿರಿ.